ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್‌ಗೆ ಹನಿಮೂನ್: ಇಬ್ಬರ ಖರ್ಚು ಎಲ್ಲೆಲ್ಲಿ ಉಳಿಸಬಹುದು?

ಹಾಸನದ ಹುಡುಗ:
ಎಲ್ಲರಿಗೂ ನಮಸ್ಕಾರ. ಮೇ ತಿಂಗಳಲ್ಲಿ ನನ್ನ ಮದುವೆ. ಹುಡುಗಿ ಅರಸೀಕೆರೆ ಕಡೆಯವಳು. ಹನಿಮೂನ್‌ಗೆ ಎಲ್ಲಿಗೆ ಹೋಗೋಣ ಅಂತ ಕೇಳಿದರೆ ಅವಳ ಉತ್ತರ ಒಂದೇ: ದೊಡ್ಡ ಥೀಮ್ ಪಾರ್ಕ್. ಬೀಚೂ ಬೇಡ, ಹಿಮವೂ ಬೇಡ. ಬಿಡದಿ ವಂಡರ್‌ಲಾದ ರೀಕಾಯಿಲ್ ರೈಡ್‌ನಲ್ಲಿ ತಲೆಕೆಳಗಾಗಿ ಹೋಗಿ ಬಂದು, ಇಳಿದ ಕೂಡಲೇ ಮತ್ತೆ ಸಾಲಿನ ಕಡೆ ಓಡುವ ಹುಡುಗಿ ಅದು. ಇಬ್ಬರೂ ಕೂತು ಸಿಂಗಾಪುರದ ಯೂನಿವರ್ಸಲ್ ಸ್ಟುಡಿಯೋಸ್ ಆರಿಸಿಕೊಂಡಿದ್ದೇವೆ.

ಟ್ರಾವೆಲ್ಸ್‌ನವರು 5 ರಾತ್ರಿಯ ಪ್ಯಾಕೇಜಿಗೆ ಇಬ್ಬರಿಗೂ ಸೇರಿ 2 ಲಕ್ಷದ ಮೇಲೆ ಹೇಳುತ್ತಿದ್ದಾರೆ. ಪಾರ್ಕ್ ಇರುವ ಸೆಂಟೋಸಾ ದ್ವೀಪದಲ್ಲೇ ಹೋಟೆಲ್, ಎರಡು ದಿನ ಪಾರ್ಕ್, ಉದ್ದ ಸಾಲು ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್, ಓಡಾಡಲು ಕಾರು. ನಮ್ಮ ಕೈಯಲ್ಲಿ ಇರುವುದು ಒಂದೂಕಾಲು ಲಕ್ಷ. ಸಾಲ ಮಾಡಿ ಹನಿಮೂನ್ ಬೇಡ ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೇವೆ. ಜೂನ್ ಮೊದಲ ವಾರ ಹೋಗುವ ಯೋಚನೆ. ಇಷ್ಟರಲ್ಲಿ ಆಗುತ್ತಾ? ಎಲ್ಲಿ ಕಡಿಮೆ ಮಾಡಬಹುದು, ಎಲ್ಲಿ ಮಾಡಬಾರದು, ಹೋಗಿ ಬಂದವರು ದಯವಿಟ್ಟು ಹೇಳಿ.

ಸೆರಂಗೂನ್ ಅಕ್ಕ:
ಮೊದಲು ಅಭಿನಂದನೆ ಇಬ್ಬರಿಗೂ. ನಾನು ಇಲ್ಲೇ ಸಿಂಗಾಪುರದಲ್ಲಿ ಇರುವವಳು. ಊರಿಂದ ಬರುವ ಹೊಸ ಜೋಡಿಗಳಿಗೆ ಇದೇ ಮಾತು ಹೇಳಿ ಹೇಳಿ ಅಭ್ಯಾಸ ಆಗಿದೆ. ಒಂದೂಕಾಲು ಲಕ್ಷದಲ್ಲಿ ಆಗುತ್ತದೆ. ಆದರೆ ಜೂನ್ ಬೇಡ.

ಇಲ್ಲಿ ಶಾಲೆಗಳಿಗೆ ಮೇ ಕೊನೆಯಿಂದ ಜೂನ್ ಕೊನೆಯವರೆಗೆ ನಾಲ್ಕು ವಾರ ರಜೆ. ಆಗ ಯೂನಿವರ್ಸಲ್‌ನಲ್ಲಿ ಒಂದೊಂದು ರೈಡ್‌ಗೂ ಗಂಟೆಗಟ್ಟಲೆ ನಿಲ್ಲಬೇಕು. ಸಾಲು ಉದ್ದ ಆದ್ದರಿಂದ ಎಕ್ಸ್‌ಪ್ರೆಸ್ ಪಾಸ್ ಬೇಕು ಅನ್ನಿಸುತ್ತದೆ. ಆ ಪಾಸಿನ ಬೆಲೆ ದಿನ ನೋಡಿಕೊಂಡು ಏರುವಂಥದ್ದು. ರಜೆ ದಿನಗಳಲ್ಲಿ ಟಿಕೆಟ್ಟಿಗಿಂತ ಪಾಸೇ ಜಾಸ್ತಿ ಆಗುತ್ತದೆ. ಒಂದೇ ದಿನಕ್ಕೆ ಎಲ್ಲಾ ಮುಗಿಯುವುದಿಲ್ಲ ಅಂತ ಎರಡನೇ ದಿನದ ಟಿಕೆಟ್ ತೆಗೆಸುತ್ತಾರೆ. ನಿಮ್ಮ ಪ್ಯಾಕೇಜಿನ ದುಡ್ಡು ಹೀಗೇ ಬೆಳೆದಿರುವುದು. ತಾರೀಖು ಸರಿಯಾದರೆ ಎಕ್ಸ್‌ಪ್ರೆಸ್ಸೂ ಬೇಡ, ಎರಡನೇ ದಿನವೂ ಬೇಡ. ಕೂಪನ್ ಹುಡುಕುವುದು ಆಮೇಲಿನ ಮಾತು. ಮೊದಲು ತಾರೀಖು ಸರಿಮಾಡಿಕೊಳ್ಳಿ.

ಯೂನಿವರ್ಸಲ್ ದೊಡ್ಡ ಪಾರ್ಕ್ ಅಲ್ಲ. ಹಾಲಿವುಡ್, ನ್ಯೂಯಾರ್ಕ್, ಸೈ-ಫೈ ಸಿಟಿ, ಏನ್ಶಿಯಂಟ್ ಈಜಿಪ್ಟ್, ಲಾಸ್ಟ್ ವರ್ಲ್ಡ್, ಫಾರ್ ಫಾರ್ ಅವೇ, ಜೊತೆಗೆ 2025ರಲ್ಲಿ ತೆರೆದ ಮಿನಿಯನ್ ಲ್ಯಾಂಡ್. ಇಷ್ಟೇ. ನಡುವೆ ಒಂದು ಕೆರೆ, ಅದರ ಸುತ್ತ ಒಂದು ಸುತ್ತು. ಜನ ಕಡಿಮೆ ಇರುವ ವಾರದ ದಿನ, ಬಾಗಿಲು ತೆರೆಯುವ ಮೊದಲೇ ಬಂದರೆ ಒಂದು ದಿನಕ್ಕೆ ಆರಾಮಾಗಿ ಮುಗಿಯುತ್ತದೆ.

ತುಂಗಾತೀರ:
ಜೂನ್ ಬಿಟ್ಟರೆ ಮುಂದೆ ಆಷಾಢ ಬರುತ್ತದಲ್ಲ. ಹೊಸ ಸೊಸೆ ತವರಿಗೆ ಹೋಗಬೇಕು. ಮನೆಯಲ್ಲಿ ಅದನ್ನು ಪಾಲಿಸುತ್ತಾರಾ?

ಹಾಸನದ ಹುಡುಗ:
ಅಮ್ಮ ಪಾಲಿಸುತ್ತಾರೆ. ಈ ವಿಷಯದಲ್ಲಿ ಅವರಿಗೆ ಎದುರು ಹೇಳಲು ನನಗೆ ಮನಸ್ಸಿಲ್ಲ. ಆಷಾಢ ಕಳೆದು ಶ್ರಾವಣ ಬಂದರೆ ಮಂಗಳಗೌರಿ ವ್ರತ. ಮೊದಲ ವರ್ಷ ಬೇರೆ, ಮಂಗಳವಾರ ತಪ್ಪಿಸುವ ಹಾಗಿಲ್ಲ. ಅದಕ್ಕೇ ಜೂನ್ ಅಂದುಕೊಂಡಿದ್ದು.

ತುಂಗಾತೀರ:
ಹಾಗಾದರೆ ಕ್ಯಾಲೆಂಡರ್ ತೆಗೆಯಿರಿ, ದಾರಿ ಇದೆ. ವರಮಹಾಲಕ್ಷ್ಮಿ ಹಬ್ಬ ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ. ಅದು ಮುಗಿದ ಮೇಲೆ ಗೌರಿ ಹಬ್ಬದವರೆಗೆ ಎರಡು ವಾರಕ್ಕೂ ಹೆಚ್ಚು ಸಿಗುತ್ತದೆ. ಗೌರಿ ಹಬ್ಬಕ್ಕೆ ತವರಿನ ಬಾಗಿನ ಬರುತ್ತದೆ, ಅಷ್ಟರಲ್ಲಿ ಮನೆಯಲ್ಲಿರಬೇಕು. ಈ ನಡುವೆ ಮಂಗಳವಾರ ಪೂಜೆ ಮುಗಿಸಿ ಬುಧವಾರ ರಾತ್ರಿ ಹೊರಟರೆ ಸೋಮವಾರ ವಾಪಸ್. ಮುಂದಿನ ಮಂಗಳವಾರದ ಪೂಜೆಗೆ ಮನೆಯಲ್ಲೇ ಇರುತ್ತೀರಿ. ಅಮ್ಮನಿಗೂ ಸಮಾಧಾನ.

ಸೆರಂಗೂನ್ ಅಕ್ಕ:
ತುಂಗಾತೀರ ಅವರೇ, ಎಷ್ಟು ಚೆನ್ನಾಗಿ ಕೂಡಿಸಿಕೊಟ್ಟಿರಿ! ಬುಧವಾರ ರಾತ್ರಿ ಹೊರಟರೆ ಗುರುವಾರ ಬೆಳಿಗ್ಗೆ ಇಲ್ಲಿ. ಶುಕ್ರವಾರ ಪಾರ್ಕ್. ಶನಿವಾರ, ಭಾನುವಾರ ಪಾರ್ಕ್ ತುಂಬಿರುವ ಹೊತ್ತಿಗೆ ನೀವು ಊರು ಸುತ್ತುತ್ತಿರುತ್ತೀರಿ. ವ್ರತಕ್ಕಾಗಿ ಹಾಕಿಕೊಂಡ ತಾರೀಖೇ ಪಾರ್ಕಿಗೂ ಸರಿಹೊಂದಿತು ನೋಡಿ.

ಆಗಸ್ಟ್‌ನಲ್ಲಿ ಎರಡು ದಿನ ತಪ್ಪಿಸಿ. 9ನೇ ತಾರೀಖು ಸಿಂಗಾಪುರದ ರಾಷ್ಟ್ರೀಯ ದಿನ, ಎಲ್ಲಾ ಕಡೆ ಜನ. 15ರ ಆಸುಪಾಸು ನಮ್ಮ ದೇಶದಿಂದ ಬರುವವರು ಜಾಸ್ತಿ, ವಿಮಾನದ ದರವೂ ಏರುತ್ತದೆ. ಸೆಪ್ಟೆಂಬರ್ ಮೊದಲಲ್ಲಿ ಇಲ್ಲಿನ ಶಾಲೆಗಳಿಗೆ ಮತ್ತೆ ಒಂದು ವಾರ ರಜೆ. ಹಬ್ಬ ತಡವಾಗಿ ಬರುವ ವರ್ಷ ಅದನ್ನೂ ನೋಡಿಕೊಳ್ಳಬೇಕು. ಆಗಸ್ಟ್ ಮೂರನೇ ವಾರ ನಿಮ್ಮ ಹುಣ್ಣಿಮೆ ಲೆಕ್ಕಕ್ಕೆ ಹೊಂದಿದರೆ ಕಣ್ಣು ಮುಚ್ಚಿ ಬುಕ್ ಮಾಡಿ.

ಕಡಲತಡಿ:
ದಸರಾ ಹೊತ್ತಿಗೆ ಹಾಕಿಕೊಳ್ಳೋಣ ಅಂತ ಮನಸ್ಸು ಬಂದರೆ ಎರಡು ವಿಷಯ ನೆನಪಿರಲಿ. ಸೆಪ್ಟೆಂಬರ್ ಕೊನೆಯಿಂದ ಹ್ಯಾಲೋವೀನ್ ರಾತ್ರಿಗಳು ಶುರು. ಆ ದಿನಗಳಲ್ಲಿ ಹಗಲಿನ ಟಿಕೆಟ್‌ನವರು ಬೇಗ ಹೊರಗೆ ಬರಬೇಕು, ರಾತ್ರಿಗೆ ಬೇರೆ ಟಿಕೆಟ್. ಅದೇ ಸುಮಾರಿಗೆ ಫಾರ್ಮುಲಾ ಒನ್ ರೇಸ್ ಕೂಡ ಬರುತ್ತದೆ. ಆ ವಾರ ಹೋಟೆಲ್ ಬೆಲೆ ಮುಟ್ಟುವ ಹಾಗಿರುವುದಿಲ್ಲ.

ಲೆಕ್ಕದ ಪುಸ್ತಕ:
ನಾನು ತೆರಿಗೆ ಕೆಲಸ ಮಾಡುವವನು. ಪ್ಯಾಕೇಜಿನ ಬಗ್ಗೆ ಒಂದು ಮಾತು. ವಿದೇಶ ಪ್ರವಾಸದ ಪ್ಯಾಕೇಜ್ ತೆಗೆದುಕೊಂಡರೆ ಅದರ ಮೇಲೆ ಟಿಸಿಎಸ್, ಅಂದರೆ ಮಾರುವವರೇ ಮುಂಚಿತವಾಗಿ ವಸೂಲಿ ಮಾಡುವ ತೆರಿಗೆ, ಹಿಡಿಯುತ್ತಾರೆ. ಬರೀ ವಿಮಾನದ ಟಿಕೆಟ್ ಕೊಂಡರೆ ಅಥವಾ ಬರೀ ಹೋಟೆಲ್ ಬುಕ್ ಮಾಡಿದರೆ ಅದು ಪ್ಯಾಕೇಜ್ ಅಲ್ಲ, ಟಿಸಿಎಸ್ ಇಲ್ಲ. ಎರಡು ಸೇರಿ ಒಂದೇ ಬಿಲ್ಲಾದರೆ ಪ್ಯಾಕೇಜ್. ಬಿಡಿಬಿಡಿಯಾಗಿ ಬುಕ್ ಮಾಡಲು ಇದೂ ಒಂದು ಕಾರಣ.

ಪ್ಯಾಕೇಜೇ ತೆಗೆದುಕೊಂಡರೂ ಗಾಬರಿ ಬೇಡ. ಟಿಸಿಎಸ್ ಕಳೆದುಹೋಗುವ ದುಡ್ಡಲ್ಲ. ಆದಾಯ ತೆರಿಗೆ ಜಾಲತಾಣದ ನಿಮ್ಮ ಖಾತೆಯಲ್ಲಿ ಕಾಣಿಸುತ್ತದೆ, ರಿಟರ್ನ್ ಸಲ್ಲಿಸುವಾಗ ತೆರಿಗೆಗೆ ಹೊಂದಿಸಿಕೊಳ್ಳಬಹುದು ಇಲ್ಲವೇ ವಾಪಸ್ ಪಡೆಯಬಹುದು. ಬಿಲ್ಲು ಮಾತ್ರ ರಿಟರ್ನ್ ಸಲ್ಲಿಸುವವರ ಪ್ಯಾನ್ ಮೇಲೆ ಇರಲಿ. ಎಷ್ಟೋ ಮದುವೆ ಮನೆಗಳಲ್ಲಿ ಮಾವನವರು ಬುಕ್ ಮಾಡಿಕೊಡುತ್ತಾರೆ. ಅವರು ರಿಟರ್ನ್ ಸಲ್ಲಿಸದವರಾದರೆ ಆ ದುಡ್ಡು ಸುಮ್ನೆ ಅಲ್ಲೇ ಕೂರುತ್ತದೆ.

ಇನ್ನೊಂದು ಸೋರಿಕೆ ಕಾರ್ಡಿನದು. ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ವಿದೇಶಿ ಖರ್ಚಿನ ಮೇಲೆ ಶೇ. 3.5ರ ಹತ್ತಿರ ಮಾರ್ಕಪ್ ಅಂತ ಹೆಚ್ಚುವರಿ ಶುಲ್ಕ ಹಾಕುತ್ತವೆ, ಅದರ ಮೇಲೆ ಜಿಎಸ್‌ಟಿ. ಮಾರ್ಕಪ್ ಇಲ್ಲದ ಕಾರ್ಡ್‌ಗಳೂ ಇವೆ. ಮದುವೆಗೆ ಮುಂಚೆಯೇ ಒಂದು ಮಾಡಿಸಿಕೊಳ್ಳಿ. ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ ಮಷಿನ್ 'ರೂಪಾಯಿಯಲ್ಲಿ ಕೊಡುತ್ತೀರಾ, ಸಿಂಗಾಪುರ ಡಾಲರ್‌ನಲ್ಲಾ' ಅಂತ ಕೇಳುತ್ತದೆ. ಯಾವಾಗಲೂ ಡಾಲರ್ ಒತ್ತಿ. ರೂಪಾಯಿ ಒತ್ತಿದರೆ ಅವರು ಹಾಕಿದ್ದೇ ದರ.

ಹಾಸನದ ಹುಡುಗ:
ಇಷ್ಟು ಬೇಗ ಇಷ್ಟು ಉತ್ತರ! ಎಲ್ಲರಿಗೂ ಧನ್ಯವಾದ. ಅಮ್ಮನ ಹತ್ತಿರ ಮಾತಾಡಿದೆ, ಆಗಸ್ಟ್‌ಗೆ ಒಪ್ಪಿದರು. ಅಕ್ಕ, ಪಾರ್ಕ್ ಟಿಕೆಟ್ ಎಷ್ಟಾಗುತ್ತದೆ? ಎಕ್ಸ್‌ಪ್ರೆಸ್ ನಿಜವಾಗಿಯೂ ಬೇಡವಾ?

ಸೆರಂಗೂನ್ ಅಕ್ಕ:
ದೊಡ್ಡವರ ಒಂದು ದಿನದ ಟಿಕೆಟ್ 80 ಸಿಂಗಾಪುರ ಡಾಲರ್ ದಾಟಿದೆ. ಡಾಲರಿಗೆ 70 ರೂಪಾಯಿ ಅಂತ ಇಟ್ಟುಕೊಂಡರೆ ಇಬ್ಬರಿಗೆ 11-12 ಸಾವಿರ. ಪಾರ್ಕಿನ ಸ್ವಂತ ಜಾಲತಾಣದ ಬೆಲೆ ಒಂದು ಕಡೆ, ಕ್ಲೂಕ್ ಥರದ ಆ್ಯಪ್‌ಗಳ ಬೆಲೆ ಒಂದು ಕಡೆ ಇಟ್ಟು ನೋಡಿ. ಆ್ಯಪ್‌ನಲ್ಲಿ ಹೊಸ ಖಾತೆಗೆ ಒಮ್ಮೊಮ್ಮೆ ರಿಯಾಯಿತಿ ಇರುತ್ತದೆ. ಟಿಕೆಟ್ ತಾರೀಖಿನದ್ದು. ಒಮ್ಮೆ ತೆಗೆದರೆ ಬದಲಾಯಿಸುವುದು ಕಷ್ಟ. ಅದಕ್ಕೆ ವೀಸಾ ಕೈಗೆ ಬಂದ ಮೇಲೆ ತೆಗೆಯಿರಿ. ಉಳಿದ ಟಿಕೆಟ್ ಮಾರುತ್ತೇವೆ ಅನ್ನುವ ಅಪರಿಚಿತರ ಹತ್ತಿರ ಮಾತ್ರ ಹೋಗಬೇಡಿ.

ಎಕ್ಸ್‌ಪ್ರೆಸ್ ಮೊದಲೇ ತೆಗೆಯಬೇಡಿ. ಒಳಗೆ ಹೋಗಿ ಮಧ್ಯಾಹ್ನದ ಹೊತ್ತಿಗೆ ಸಾಲು ಹೇಗಿದೆ ನೋಡಿ. ಬೇಕೇ ಬೇಕು ಅನ್ನಿಸಿದರೆ ಅಲ್ಲೇ ಸಿಗುತ್ತದೆ, ಮುಗಿದಿರದಿದ್ದರೆ.

ಬೆಣ್ಣೆದೋಸೆ ದಾವಣಗೆರೆ:
ಅಕ್ಕ, ಇಲ್ಲಿ ನನ್ನ ಅಭಿಪ್ರಾಯ ಬೇರೆ. ಹನಿಮೂನ್ ಜೀವನದಲ್ಲಿ ಒಮ್ಮೆ. ಕಾಲು ನೋಯಿಸಿಕೊಂಡು ಸಾಲಿನಲ್ಲಿ ನಿಲ್ಲುವುದಕ್ಕಿಂತ ಎಕ್ಸ್‌ಪ್ರೆಸ್‌ಗೆ ದುಡ್ಡು ಕೊಡುವುದು ಒಳ್ಳೆಯದು. ಬೇಕಾದರೆ ಶಾಪಿಂಗ್ ಕಡಿಮೆ ಮಾಡಲಿ.

ಕಡಲತಡಿ:
ಶನಿವಾರವೋ ರಜೆ ದಿನವೋ ಆದರೆ ನೀವು ಹೇಳಿದ್ದು ಸರಿ. ಆಗಸ್ಟ್‌ನ ಶುಕ್ರವಾರಕ್ಕೆ ಅಷ್ಟು ದುಡ್ಡು ಹಾಕುವುದು ವ್ಯರ್ಥ. ಅದೂ ಅಲ್ಲದೆ ಸಿಂಗಲ್ ರೈಡರ್ ಸಾಲು ಅಂತ ಒಂದಿದೆ. ಟ್ರಾನ್ಸ್‌ಫಾರ್ಮರ್ಸ್, ಮಮ್ಮಿ ಇಂಥ ಕೆಲವು ರೈಡ್‌ಗಳಿಗೆ ಇದೆ. ಮೂರು ಜನ ಬಂದಾಗ ಉಳಿಯುವ ಒಂಟಿ ಸೀಟಿಗೆ ಆ ಸಾಲಿನವರನ್ನು ಕೂರಿಸುತ್ತಾರೆ. ದೊಡ್ಡ ಸಾಲು ಮುಕ್ಕಾಲು ಗಂಟೆ ಇದ್ದರೂ ಇಲ್ಲಿ ಎಷ್ಟೋ ಬೇಗ ಹತ್ತಬಹುದು. ಒಂದು ಪೈಸೆ ಹೆಚ್ಚಿಗೆ ಕೊಡಬೇಕಿಲ್ಲ.

ತೆಂಗಿನಸೀಮೆ:
ನಮಸ್ಕಾರ. ಅರಸೀಕೆರೆಯ ಆ ಹುಡುಗಿ ನಾನೇ. ಇವರು ಲಿಂಕ್ ಕಳಿಸಿದರು, ಎಲ್ಲಾ ಓದಿದೆ. ನಮಗಾಗಿ ಇಷ್ಟು ಯೋಚಿಸುತ್ತಿದ್ದೀರಿ, ನಿಜಕ್ಕೂ ಖುಷಿಯಾಯಿತು. ಆದರೆ ಸಿಂಗಲ್ ರೈಡರ್ ನನಗೆ ಬೇಡ. ಹನಿಮೂನ್‌ಗೆ ಹೋಗಿ ಬೇರೆಬೇರೆ ಕೂರುವುದಾ? ಮೊದಲ ಸಲ ಗ್ಯಾಲಕ್ಟಿಕಾ ರೋಲರ್ ಕೋಸ್ಟರ್ ಹತ್ತುವಾಗ ಇವರು ಪಕ್ಕದಲ್ಲೇ ಇರಬೇಕು. ಹೋಟೆಲ್ ಸಾಧಾರಣದ್ದು ಆದರೂ ಸರಿ, ಊಟ ಸರಳ ಇದ್ದರೂ ಸರಿ. ಅದೊಂದರಲ್ಲಿ ಉಳಿತಾಯ ಬೇಡ.

ಸೆರಂಗೂನ್ ಅಕ್ಕ:
ಬಾ ತಂಗಿ, ಒಳ್ಳೆಯ ಮಾತು ಹೇಳಿದೆ. ಹಾಗಾದರೆ ಜೊತೆಯಲ್ಲೇ ಕೂತು, ಎಕ್ಸ್‌ಪ್ರೆಸ್ ಇಲ್ಲದೆ ಮುಗಿಸುವ ಬಗೆ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಪಾರ್ಕ್ ಸಾಮಾನ್ಯವಾಗಿ 10 ಗಂಟೆಗೆ ತೆರೆಯುತ್ತದೆ, ಹಿಂದಿನ ದಿನ ಒಮ್ಮೆ ಖಚಿತ ಮಾಡಿಕೊಳ್ಳಿ. ಒಂಬತ್ತೂವರೆಗೆ ಬಾಗಿಲಲ್ಲಿ ಇರಿ. ಎಲ್ಲರೂ ತಿರುಗುವ ಆ ದೊಡ್ಡ ಗ್ಲೋಬಿನ ಮುಂದೆ ಫೋಟೋಗೆ ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ಗ್ಲೋಬ್ ಬಾಗಿಲಿನ ಹೊರಗೇ ಇರುವುದು, ಟಿಕೆಟ್ ಬೇಕಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ಇನ್ನೂ ಚೆನ್ನಾಗಿ ಬರುತ್ತದೆ. ಒಳಗೆ ಹೋದ ತಕ್ಷಣ ನ್ಯೂಯಾರ್ಕ್ ದಾಟಿ ನೇರ ಸೈ-ಫೈ ಸಿಟಿಗೆ ನಡೆಯಿರಿ. ಅಲ್ಲಿ ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ. ಎರಡು ಹಳಿ, ಕೆಂಪು ಒಂದು, ನೀಲಿ ಒಂದು. ಎತ್ತರ 42.5 ಮೀಟರ್. ಕೆಂಪಿನದರಲ್ಲಿ ಕೂತು ಹೋಗುವುದು. ನೀಲಿಯದರಲ್ಲಿ ಕಾಲು ಗಾಳಿಯಲ್ಲಿ ನೇತಾಡುತ್ತದೆ, ತಲೆಕೆಳಗೂ ಆಗುತ್ತದೆ. ರೀಕಾಯಿಲ್ ಇಷ್ಟಪಡುವವಳಿಗೆ ನೀಲಿಯೇ ಸರಿ.

ಇದನ್ನೇ ಮೊದಲು ಅನ್ನುವುದಕ್ಕೆ ಇನ್ನೊಂದು ಕಾರಣ ಮಳೆ. ಇಲ್ಲಿ ಮಳೆಗೆ ಕಾಲ ಅಂತಿಲ್ಲ. ಗುಡುಗು-ಸಿಡಿಲು ಶುರುವಾದರೆ ಬಯಲಿನ ರೈಡ್‌ಗಳನ್ನೆಲ್ಲ ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಬೆಳಿಗ್ಗೆ ಬಯಲಿನವು, ಮಳೆ ಬಂದಾಗ ಛಾವಣಿಯೊಳಗಿನ ಟ್ರಾನ್ಸ್‌ಫಾರ್ಮರ್ಸ್ ಮತ್ತು ಮಮ್ಮಿ. ವಾಟರ್‌ವರ್ಲ್ಡ್ ಪ್ರದರ್ಶನ ಟಿಕೆಟ್ಟಿನಲ್ಲೇ ಸೇರಿದೆ, ಮಧ್ಯಾಹ್ನದ ಬಿಸಿಲಿಗೆ ಕೂತು ನೋಡಿ. ಕಾಲಿಗೂ ವಿಶ್ರಾಂತಿ.

ಗ್ಯಾಲಕ್ಟಿಕಾ ಹತ್ತುವಾಗ ಜೇಬಲ್ಲಿ ಏನೂ ಇರಬಾರದು, ಫೋನ್, ಚಿಲ್ಲರೆ ಎಲ್ಲಾ ಲಾಕರ್‌ಗೆ. ಲಾಕರ್ ಸ್ವಲ್ಪ ಹೊತ್ತು ಉಚಿತ, ಹೊತ್ತು ಮೀರಿದರೆ ದುಡ್ಡು. ರೈಡ್ ಇಳಿದ ಕೂಡಲೇ ಚೀಲ ತೆಗೆದುಕೊಳ್ಳಿ, ಆಮೇಲೆ ಬೇಕಾದರೆ ಮಾತಾಡುತ್ತಾ ಕೂರಿ. ಜುರಾಸಿಕ್ ಪಾರ್ಕ್ ರ‍್ಯಾಪಿಡ್ಸ್‌ನಲ್ಲಿ ಮೈ ಪೂರ್ತಿ ನೆನೆಯುತ್ತದೆ. ಅಲ್ಲೇ ಮಾರುವ ಪ್ಲಾಸ್ಟಿಕ್ ಕೋಟಿಗೆ ಕೊಡುವ ದುಡ್ಡಿನಲ್ಲಿ ಹಾಸನದ ಸಂತೆಯಲ್ಲಿ ನಾಲ್ಕು ಕೋಟು ಬರುತ್ತವೆ. ಊರಿಂದಲೇ ಎರಡು ತನ್ನಿ, ಮಳೆಗೂ ಆಗುತ್ತದೆ.

ತುಂಗಾತೀರ:
ಒಳಗೆ ಊಟ? ನಮ್ಮ ಕಡೆಯವರಿಗೆ ಅದೇ ದೊಡ್ಡ ಪ್ರಶ್ನೆ ಅಲ್ವಾ.

ಸೆರಂಗೂನ್ ಅಕ್ಕ:
ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ನೀರಿನ ಬಾಟಲಿ ಇಟ್ಟುಕೊಳ್ಳಬಹುದು. ಸಿಂಗಾಪುರದಲ್ಲಿ ನಲ್ಲಿ ನೀರೇ ಕುಡಿಯುವ ನೀರು, ಬಾಟಲಿ ಕೊಳ್ಳುವ ಅಗತ್ಯ ಎಲ್ಲಿಯೂ ಇಲ್ಲ. ಈಜಿಪ್ಟ್ ಭಾಗದಲ್ಲಿರುವ ಓಯಸಿಸ್ ಸ್ಪೈಸ್ ಕೆಫೆಯಲ್ಲಿ ನಮ್ಮ ಕಡೆಯ ರುಚಿಗೆ ಹತ್ತಿರದ ಊಟ ಸಿಗುತ್ತದೆ, ಬೆಲೆ ಪಾರ್ಕಿನ ಬೆಲೆ. ನಾನು ಹೇಳುವುದು ಹೀಗೆ: ಬೆಳಿಗ್ಗೆ ಲಿಟ್ಲ್ ಇಂಡಿಯಾದಲ್ಲಿ ಹೊಟ್ಟೆ ತುಂಬ ತಿಂದು ಬನ್ನಿ. ಮಧ್ಯಾಹ್ನ ಹಸಿವಾದರೆ ಕೈಗೆ ಮುದ್ರೆ ಹಾಕಿಸಿಕೊಂಡು ಹೊರಗೆ ಬಂದು ತಿಂದು ಅದೇ ದಿನ ಮತ್ತೆ ಒಳಗೆ ಹೋಗಬಹುದು. ಸೆಂಟೋಸಾದಿಂದ ಆಚೆ ದಡಕ್ಕೆ ಹೋಗುವ ಬೋರ್ಡ್‌ವಾಕ್ ಮೇಲೆ ನಡೆದು ದಾಟಿದರೆ ವಿವೋಸಿಟಿ ಮಾಲ್, ಅಲ್ಲಿ ಫುಡ್ ಕೋರ್ಟ್ ಇದೆ.

ಲಿಟ್ಲ್ ಇಂಡಿಯಾದ ಬಗ್ಗೆ ಹೇಳಲೇಬೇಕು. ಸೆರಂಗೂನ್ ರಸ್ತೆಯಲ್ಲಿ ಕೋಮಲಾ ವಿಲಾಸ್ 1947ರಿಂದ ಇದೆ, ಆನಂದ ಭವನ 1924ರಿಂದ. ನಮ್ಮ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕೂಡ 2013ರಲ್ಲಿ ಇದೇ ರಸ್ತೆಗೆ ಬಂತು. ಬೆಳಿಗ್ಗೆ ರವೆ ಇಡ್ಲಿ, ಮಸಾಲೆ ದೋಸೆ, ಮೇಲೊಂದು ಕಾಫಿ ಕುಡಿದು ಹೊರಟರೆ ಮಧ್ಯಾಹ್ನದವರೆಗೆ ಯೋಚನೆ ಇಲ್ಲ. ಹೋಟೆಲಿನಲ್ಲಿ ಬೆಳಗಿನ ತಿಂಡಿ ಸೇರಿಸಿದ ದರ ತೆಗೆದುಕೊಳ್ಳಬೇಡಿ. ಸಸ್ಯಾಹಾರಿಗಳಿಗೆ ಅಲ್ಲಿ ಬ್ರೆಡ್ಡು, ಹಣ್ಣು ಬಿಟ್ಟರೆ ಹೆಚ್ಚೇನಿರುವುದಿಲ್ಲ.

ಬೆಣ್ಣೆದೋಸೆ ದಾವಣಗೆರೆ:
ಮನೆಯಿಂದ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ ತರಬಹುದಾ?

ಸೆರಂಗೂನ್ ಅಕ್ಕ:
ಧಾರಾಳವಾಗಿ. ಗಸಗಸೆ ಮಾತ್ರ ಬೇಡ, ಇಲ್ಲಿ ಅದರ ಮೇಲೆ ಕಟ್ಟುನಿಟ್ಟಿದೆ. ಗುಟ್ಕಾ, ಜಗಿಯುವ ತಂಬಾಕು, ಇ-ಸಿಗರೇಟ್ ಇವೆಲ್ಲ ನಿಷೇಧ. ಜೊತೆಯಲ್ಲಿ ಯಾರ ಚೀಲದಲ್ಲೂ ಇರಬಾರದು. ರೈಲಿನಲ್ಲಿ ತಿಂದರೆ, ಕುಡಿದರೆ 500 ಡಾಲರ್‌ವರೆಗೆ ದಂಡ. ಚಕ್ಕುಲಿ ರೂಮಿನಲ್ಲೇ ತಿನ್ನಿ.

ಹಾಸನದ ಹುಡುಗ:
ಇನ್ನು ಹೋಟೆಲ್. ಸೆಂಟೋಸಾದ ಒಳಗೇ ಇದ್ದರೆ ಪಾರ್ಕಿಗೆ ಹತ್ತಿರ ಅಂತ ಟ್ರಾವೆಲ್ಸ್‌ನವರು ಒತ್ತಿ ಹೇಳುತ್ತಿದ್ದಾರೆ.

ಕಡಲತಡಿ:
ಒಂದೇ ದಿನ ಪಾರ್ಕ್ ಅಂದ ಮೇಲೆ ಎಲ್ಲಾ ರಾತ್ರಿಗೂ ಅಷ್ಟು ದುಡ್ಡು ಯಾಕೆ? ಲಿಟ್ಲ್ ಇಂಡಿಯಾ ಅಥವಾ ಫರರ್ ಪಾರ್ಕ್ ಸ್ಟೇಷನ್ ಹತ್ತಿರ ನೋಡಿ. ಎರಡೂ ನೇರಳೆ ಬಣ್ಣದ ನಾರ್ತ್ ಈಸ್ಟ್ ಲೈನ್ ಮೇಲಿವೆ. ಅದೇ ರೈಲು ಎಲ್ಲಿಯೂ ಬದಲಾಯಿಸದೆ ಹಾರ್ಬರ್‌ಫ್ರಂಟ್‌ವರೆಗೆ ಹೋಗುತ್ತದೆ. ಇಳಿದರೆ ವಿವೋಸಿಟಿ. ಅಲ್ಲಿಂದ ಮೋನೋರೈಲಿಗೆ ತಲಾ 4 ಡಾಲರ್, ವಾಪಸ್ ಬರುವಾಗ ಉಚಿತ. ನಡೆದರೆ ಬೋರ್ಡ್‌ವಾಕ್ ಪೂರ್ತಿ ಉಚಿತ, ಸಮುದ್ರ ನೋಡಿಕೊಂಡು ಹೋಗಬಹುದು.

ಇಲ್ಲಿನ ಕಡಿಮೆ ದರದ ಹೋಟೆಲ್‌ಗಳಲ್ಲಿ ಒಂದು ವಿಷಯ ಕಣ್ಣಿಟ್ಟು ನೋಡಬೇಕು, ಹನಿಮೂನ್‌ನವರಂತೂ ನೋಡಲೇಬೇಕು: ಕಿಟಕಿ. ಬಹಳಷ್ಟು ರೂಮುಗಳಿಗೆ ಕಿಟಕಿಯೇ ಇರುವುದಿಲ್ಲ. ಫೋಟೋದಲ್ಲಿ ಪರದೆ ಇಳಿಬಿಟ್ಟಿರುತ್ತಾರೆ, ಹಿಂದೆ ಬರೀ ಗೋಡೆ. ಬುಕ್ ಮಾಡುವಾಗ ರೂಮಿನ ಹೆಸರಿನಲ್ಲಿ 'ವಿತ್ ವಿಂಡೋ' ಅಂತ ಇದೆಯಾ ನೋಡಿ. ದರದ ಮುಂದೆ ಎರಡು ಕೂಡಿಸುವ ಚಿಹ್ನೆ ಇದ್ದರೆ ಅದರ ಮೇಲೆ ಶೇ. 10 ಸೇವಾ ಶುಲ್ಕ, ಶೇ. 9 ಜಿಎಸ್‌ಟಿ ಇನ್ನೂ ಸೇರಬೇಕು ಅಂತ ಅರ್ಥ. ದೊಡ್ಡ ರೆಸ್ಟೋರೆಂಟ್‌ಗಳಲ್ಲೂ ಹೀಗೇ. ಚಿಕ್ಕ ಚಿಕ್ಕ ಊಟದಂಗಡಿಗಳು ಸಾಲಾಗಿರುವ ಹಾಕರ್ ಸೆಂಟರ್‌ಗಳಲ್ಲಿ ಈ ತಲೆನೋವಿಲ್ಲ.

ತೆಂಗಿನಸೀಮೆ:
ಕಿಟಕಿ ಬೇಕು. ಅದಕ್ಕೆ ಸ್ವಲ್ಪ ಜಾಸ್ತಿ ಕೊಡೋಣ.

ಮಗ್ಗದ ಮನೆ:
ಯಾರೂ ಹಾಂಕಾಂಗ್ ಹೇಳಲೇ ಇಲ್ಲ. ಭಾರತೀಯರಿಗೆ ಅಲ್ಲಿ ಮುಂಚಿತ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ, ವೀಸಾ ದುಡ್ಡು ಉಳಿಯುತ್ತದೆ. ಡಿಸ್ನಿಲ್ಯಾಂಡ್ ಕೂಡ ಇದೆ. ಟೋಕಿಯೋ ಡಿಸ್ನಿ ಟಿಕೆಟ್ಟು ಸಹ ಸಿಂಗಾಪುರಕ್ಕಿಂತ ತುಂಬಾ ದುಬಾರಿ ಏನಲ್ಲ.

ಕಡಲತಡಿ:
ಟಿಕೆಟ್ ಹೋಲಿಸಿದರೆ ನಿಜ. ಆದರೆ ಬೆಂಗಳೂರಿಂದ ಸಿಂಗಾಪುರಕ್ಕೆ ನೇರ ವಿಮಾನ ನಾಲ್ಕೂವರೆ ಗಂಟೆ ಆಸುಪಾಸು. ಟೋಕಿಯೋಗೆ ವಿಮಾನದ ದುಡ್ಡಿನಲ್ಲೇ ಇವರ ಬಜೆಟ್ಟಿನ ದೊಡ್ಡ ಪಾಲು ಹೋಗುತ್ತದೆ. ಇನ್ನು ಡಿಸ್ನಿಲ್ಯಾಂಡ್ ಮೃದು. ಈ ಹುಡುಗಿಗೆ ಬೇಕಾಗಿರುವುದು ಗ್ಯಾಲಕ್ಟಿಕಾ. ವಿಮಾನದ ದರಕ್ಕೆ ಇನ್ನೊಂದು ದಾರಿ: ಕೊಯಮತ್ತೂರಿನಿಂದ ಕಡಿಮೆ ದರದ ಸ್ಕೂಟ್ ವಿಮಾನ ಹಾರುತ್ತದೆ. ಮೈಸೂರು, ಚಾಮರಾಜನಗರದವರಿಗೆ ಅದು ಆಗಿಬರುತ್ತದೆ. ಹಾಸನದವರಿಗೆ ಬೆಂಗಳೂರೇ ಸರಿ. ಕಡಿಮೆ ದರದ ವಿಮಾನಗಳಲ್ಲಿ ಲಗೇಜಿಗೆ, ಊಟಕ್ಕೆ ಬೇರೆ ದುಡ್ಡು. ಎಲ್ಲಾ ಕೂಡಿಸಿದ ಮೇಲೆ ಹೋಲಿಸಿ.

ಲೆಕ್ಕದ ಪುಸ್ತಕ:
ವೀಸಾ ಮಾತು ಬಂತಲ್ಲ. ಸಿಂಗಾಪುರ ವೀಸಾದ ಸರ್ಕಾರಿ ಶುಲ್ಕ ತಲಾ 30 ಡಾಲರ್. ಅರ್ಜಿ ಅಧಿಕೃತ ಏಜೆಂಟರ ಮೂಲಕ ಹೋಗಬೇಕು. ಮೇಲಿನ ಸೇವಾ ಶುಲ್ಕ ಒಬ್ಬೊಬ್ಬರದು ಒಂದೊಂದು ಥರ. ಎರಡು ಮೂರು ಕಡೆ ಕೇಳಿ. ಮದುವೆ ಆದ ಕೂಡಲೇ ಹುಡುಗಿಯ ಹೆಸರು ಬದಲಾಯಿಸಲು ಓಡಬೇಡಿ. ಪಾಸ್‌ಪೋರ್ಟ್, ವೀಸಾ, ವಿಮಾನದ ಟಿಕೆಟ್ ಮೂರರಲ್ಲೂ ಒಂದೇ ಹೆಸರಿರಬೇಕು. ಬದಲಾವಣೆ ಪ್ರವಾಸದ ನಂತರ ನಿಧಾನವಾಗಿ ಮಾಡಿಸಬಹುದು. ಪಾಸ್‌ಪೋರ್ಟ್ ಅವಧಿ ಕನಿಷ್ಠ 6 ತಿಂಗಳು ಉಳಿದಿರಲಿ.

ಸೆರಂಗೂನ್ ಅಕ್ಕ:
ಸಂಜೆಗಳ ಬಗ್ಗೆ ಬರೆಯುವುದು ಬಾಕಿ ಇತ್ತು. ಈ ಊರಿನ ಚೆಂದ ಇರುವುದೇ ಸಂಜೆ, ಅದರಲ್ಲಿ ಹೆಚ್ಚಿನದು ಉಚಿತ. ಪ್ಯಾಕೇಜಿನವರು ಇದಕ್ಕೆ 'ಸಿಟಿ ನೈಟ್ ಟೂರ್' ಅಂತ ಹೆಸರಿಟ್ಟು ದುಡ್ಡು ಹಾಕುತ್ತಾರೆ.

ಗುರುವಾರ ಸಂಜೆ ಏಳೂವರೆ ಹೊತ್ತಿಗೆ ಗಾರ್ಡನ್ಸ್ ಬೈ ದ ಬೇ ಸೇರಿ. ಮರದ ಆಕಾರದಲ್ಲಿ ಕಟ್ಟಿರುವ ಎತ್ತರದ ಸೂಪರ್‌ಟ್ರೀಗಳ ಕೆಳಗೆ ಜಾಗ ಹಿಡಿಯಿರಿ. ಬೆನ್ನು ನೆಲಕ್ಕೆ ಕೊಟ್ಟು ಮಲಗಿಕೊಂಡು ನೋಡುವುದು ಇಲ್ಲಿ ರೂಢಿ, ನಾಚಿಕೆ ಬೇಡ. 7.45ಕ್ಕೆ ಸಂಗೀತದ ಜೊತೆ ಬೆಳಕು ಶುರು. ತಪ್ಪಿದರೆ 8.45ಕ್ಕೆ ಇನ್ನೊಂದು ಸಲ. ಮುಗಿದ ಮೇಲೆ ನಿಧಾನವಾಗಿ ಮರೀನಾ ಬೇ ಕಡೆ ನಡೆದರೆ 9 ಗಂಟೆಗೆ ನೀರಿನ ಮೇಲೆ ಸ್ಪೆಕ್ಟ್ರಾ ಪ್ರದರ್ಶನ. ಎರಡಕ್ಕೂ ಟಿಕೆಟ್ ಇಲ್ಲ. ಮರೀನಾ ಬೇ ಸ್ಯಾಂಡ್ಸ್ ಹೋಟೆಲಿನ ತುದಿಗೆ ದುಡ್ಡು ಕೊಟ್ಟು ಹತ್ತುವುದಕ್ಕಿಂತ ಕೆಳಗೆ ಮೆಟ್ಟಿಲ ಮೇಲೆ ಕೂತು ನೋಡುವುದು ನನಗೆ ಹೆಚ್ಚು ಇಷ್ಟ.

ಶನಿವಾರ ಬೊಟಾನಿಕ್ ಗಾರ್ಡನ್ಸ್. ಯುನೆಸ್ಕೋ ಪಟ್ಟಿಯಲ್ಲಿರುವ ತೋಟ, ಆರ್ಕಿಡ್ ಭಾಗ ಬಿಟ್ಟರೆ ಪ್ರವೇಶ ಉಚಿತ. ಭಾನುವಾರ ಮತ್ತೆ ಸೆಂಟೋಸಾಗೆ ಬನ್ನಿ, ಈ ಸಲ ಪಾರ್ಕಿಗಲ್ಲ. ಸಿಲೋಸೋ, ಪಲವಾನ್, ತಾಂಜೊಂಗ್ ಮೂರು ಬೀಚುಗಳಿಗೂ ಒಳಗಿನ ಬಸ್ಸು ಉಚಿತ. ಫೋರ್ಟ್ ಸಿಲೋಸೋ ಸ್ಕೈವಾಕ್ ಕೂಡ ಉಚಿತ, ಮರಗಳ ತಲೆಯ ಮಟ್ಟದಲ್ಲಿ ನಡೆಯುತ್ತೀರಿ. ಸೋಮವಾರ ವಿಮಾನಕ್ಕೆ ಮೂರು ಗಂಟೆ ಮುಂಚೆಯೇ ಹೋಗಿ ಚಾಂಗಿ ವಿಮಾನ ನಿಲ್ದಾಣದ ಜ್ಯುವೆಲ್ ಮಾಲ್ ನೋಡಿ. ಛಾವಣಿಯಿಂದ 40 ಮೀಟರ್ ಕೆಳಗೆ ನೀರು ಬೀಳುತ್ತದೆ. ಅದಕ್ಕೂ ದುಡ್ಡಿಲ್ಲ.

ಉಳಿದ ದುಡ್ಡಲ್ಲಿ ಒಂದು ಸಂಜೆ ಚೆನ್ನಾಗಿ ಖರ್ಚು ಮಾಡಿ. ಒಂದು ಒಳ್ಳೆಯ ಊಟವೋ, ಕೊನೆಯ ರಾತ್ರಿ ಒಳ್ಳೆಯ ಹೋಟೆಲೋ, ಇಬ್ಬರೂ ಕೂತು ಆರಿಸಿ. ಎಲ್ಲದರಲ್ಲೂ ಬಿಗಿ ಹಿಡಿದರೆ ನೆನಪಿನಲ್ಲಿ ಬರೀ ಲೆಕ್ಕ ಉಳಿಯುತ್ತದೆ.

ಮಗ್ಗದ ಮನೆ:
ಮುಯ್ಯಿ ವಿಷಯ ಒಂದು ಹೇಳಲಾ? ಸ್ನೇಹಿತರು ಸೇರಿ ಗಡಿಯಾರ, ಡಿನ್ನರ್ ಸೆಟ್ಟು ಕೊಡುತ್ತಾರಲ್ಲ. ಹತ್ತಿರದವರಿಗೆ ಮೊದಲೇ ಹೇಳಿ, ಅದರ ಬದಲು ಪಾರ್ಕ್ ಟಿಕೆಟ್ ತೆಗೆದುಕೊಡಿ ಅಂತ. ನನ್ನ ತಂಗಿಯ ಮದುವೆಯಲ್ಲಿ ಆಫೀಸಿನವರು ಹೀಗೇ ಮಾಡಿದರು. ಅವಳು ಆ ದಿನದ ಫೋಟೋಗಳನ್ನು ಅವರಿಗೇ ಮೊದಲು ಕಳಿಸಿದಳು. ಕೊಟ್ಟವರಿಗೂ ಸಂತೋಷ.

ಹಾಸನದ ಹುಡುಗ:
ಇದು ನನ್ನ ತಲೆಗೆ ಹೊಳೆದಿರಲಿಲ್ಲ. ಕಾಲೇಜಿನ ಗುಂಪಿಗೆ ಹೇಳುತ್ತೇನೆ.

ನಿನ್ನೆ ರಾತ್ರಿ ಇಬ್ಬರೂ ಫೋನಿನಲ್ಲಿ ಕೂತು ಲೆಕ್ಕ ಹಾಕಿದೆವು. ಈಗ ಕಾಣುತ್ತಿರುವ ದರದ ಮೇಲೆ ಹೇಳುತ್ತಿದ್ದೇನೆ. ವಿಮಾನ ಇಬ್ಬರಿಗೆ 48 ಸಾವಿರ. ಫರರ್ ಪಾರ್ಕ್ ಹತ್ತಿರ ಕಿಟಕಿ ಇರುವ ರೂಮು, ತೆರಿಗೆ ಸೇರಿ ನಾಲ್ಕು ರಾತ್ರಿಗೆ 34 ಸಾವಿರ. ಪಾರ್ಕ್ 12 ಸಾವಿರ. ವೀಸಾ 7 ಸಾವಿರ. ಊಟ, ರೈಲು ಸೇರಿ 15 ಸಾವಿರ ಇಟ್ಟಿದ್ದೇವೆ. ಒಟ್ಟು 1 ಲಕ್ಷ 16 ಸಾವಿರ. ಉಳಿದ 9 ಸಾವಿರ ಭಾನುವಾರ ಸಂಜೆಯ ಊಟಕ್ಕೆ ಮತ್ತು ಎರಡೂ ಮನೆಯವರಿಗೆ ಏನಾದರೂ ತರುವುದಕ್ಕೆ. ಟ್ರಾವೆಲ್ಸ್‌ನವರಿಗೆ ಬೇಡ ಅಂತ ಹೇಳಿಬಿಟ್ಟೆ.

ಲೆಕ್ಕದ ಪುಸ್ತಕ:
ಲೆಕ್ಕ ಸರಿಯಾಗಿದೆ. ಪ್ರವಾಸ ವಿಮೆ ಸೇರಿಸಿ, ಇಬ್ಬರಿಗೂ ದೊಡ್ಡ ಮೊತ್ತ ಏನಾಗುವುದಿಲ್ಲ. ವಿದೇಶದ ಆಸ್ಪತ್ರೆ ಬಿಲ್ಲು ನೋಡಿದವರಿಗೆ ಅದರ ಬೆಲೆ ಗೊತ್ತು. ಅದೊಂದು ಬಿಡಬೇಡಿ.

ಬೆಣ್ಣೆದೋಸೆ ದಾವಣಗೆರೆ:
ಎಕ್ಸ್‌ಪ್ರೆಸ್ ಬಗ್ಗೆ ನಾನು ಹೇಳಿದ್ದನ್ನು ಪೂರ್ತಿ ಬಿಡುವುದಿಲ್ಲ. ಆ 9 ಸಾವಿರ ಪಾರ್ಕ್ ಮುಗಿಯುವವರೆಗೆ ಮುಟ್ಟದೆ ಇಟ್ಟುಕೊಳ್ಳಿ. ಅಂದು ಏನೋ ಕಾರಣಕ್ಕೆ ಜನ ತುಂಬಿದರೆ ಮಮ್ಮಿಗೂ ಟ್ರಾನ್ಸ್‌ಫಾರ್ಮರ್ಸ್‌ಗೂ ಆ ದುಡ್ಡು ಉಪಯೋಗಕ್ಕೆ ಬರುತ್ತದೆ. ಜನ ಇಲ್ಲದಿದ್ದರೆ ಊಟಕ್ಕೆ ಇದ್ದೇ ಇದೆ.

ತೆಂಗಿನಸೀಮೆ:
ಇದಕ್ಕೆ ನಾನು ಒಪ್ಪಿದೆ ಅಣ್ಣ. ಅಕ್ಕ, ಕೊನೆಯದಾಗಿ ಒಂದು ಪ್ರಶ್ನೆ. ಅರೈವಲ್ ಕಾರ್ಡ್ ಅಂತ ಹುಡುಕಿದರೆ ಒಂದು ಕಡೆ ತಲಾ ಮೂರು ಸಾವಿರದ ಮೇಲೆ ಕೇಳುತ್ತಿದೆ. ಅದನ್ನೂ ಲೆಕ್ಕಕ್ಕೆ ಸೇರಿಸಬೇಕಾ?

ಸೆರಂಗೂನ್ ಅಕ್ಕ:
ಬೇಡವೇ ಬೇಡ ತಂಗಿ! ಆ ಪುಟ ಮುಚ್ಚು. ಎಸ್‌ಜಿ ಅರೈವಲ್ ಕಾರ್ಡ್ ಪೂರ್ತಿ ಉಚಿತ. ಇಲ್ಲಿನ ವಲಸೆ ಇಲಾಖೆ ಐಸಿಎಯ ಸ್ವಂತ ಜಾಲತಾಣದಲ್ಲೋ ಅವರದೇ ಆ್ಯಪ್‌ನಲ್ಲೋ ತುಂಬಬೇಕು. ಬಂದಿಳಿಯುವ ಮುಂಚಿನ ಮೂರು ದಿನದೊಳಗೆ, ಇಳಿಯುವ ದಿನವೂ ಸೇರಿ, ತುಂಬಿದರೆ ಸಾಕು, ಈಗಲೇ ಮಾಡಲು ಆಗುವುದೂ ಇಲ್ಲ. ಅದು ವೀಸಾ ಅಲ್ಲ, ವೀಸಾ ಬೇರೆ ಬೇಕು. ವಿಳಾಸದ ಕೊನೆಯಲ್ಲಿ 'ಗವ್ ಡಾಟ್ ಎಸ್‌ಜಿ' ಇದೆಯಾ ನೋಡಿಕೊ.

ಹಾಗೇ ರೈಲಿಗೆ ಇಬ್ಬರಿಗೂ ಬೇರೆಬೇರೆ ಕಾರ್ಡ್ ಬೇಕು, ಒಂದನ್ನೇ ಇಬ್ಬರೂ ಮುಟ್ಟಿಸಲು ಆಗುವುದಿಲ್ಲ. ವೀಸಾ ಅಥವಾ ಮಾಸ್ಟರ್‌ಕಾರ್ಡ್ ಕಂಪನಿಯ ಬ್ಯಾಂಕ್ ಕಾರ್ಡ್ ಇದ್ದರೆ ಗೇಟಿಗೆ ನೇರ ಮುಟ್ಟಿಸಬಹುದು, ಹೊರದೇಶದ ಕಾರ್ಡಿಗೆ ದಿನಕ್ಕೆ ಚಿಕ್ಕ ಶುಲ್ಕ ಬೀಳುತ್ತದೆ. ನಿನ್ನ ಬ್ಯಾಂಕ್ ಕಾರ್ಡ್ ಬರೀ ರುಪೇ ಆದರೆ ಈಗಲೇ ಬದಲಾಯಿಸಿಕೋ. ಆಗಸ್ಟ್‌ಗೆ ಇನ್ನೂ ಸಮಯ ಇದೆ.